ಬೇಡವೆಂದವರ ಮುಖವನ್ನೂ ತೋರಿಸು

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಜೊತೆಗಿದ್ದ ಕಾಗದದಲ್ಲಿ ಎರಡು ಪ್ರಶ್ನೆ ಕೇಳಿದ್ದೀಯ. ಮಾಡಬಾರದ ಪ್ರೀತಿಯ ಕಥೆಯನ್ನು, ಅದರಲ್ಲೂ ಸಸ್ಪೆನ್ಸ್ ಬೆರೆತದ್ದನ್ನು, ಜನ ಇಷ್ಟು ಹಚ್ಚಿಕೊಂಡು ಓದುವುದು ಯಾಕೆ ಅನ್ನುವುದು ಒಂದು. ಇಂಥದ್ದು ಸಾಹಿತ್ಯ ಅನ್ನಿಸಿಕೊಳ್ಳುತ್ತದಾ ಅನ್ನುವುದು ಇನ್ನೊಂದು. ಎರಡನೆಯದನ್ನು ಇವತ್ತೇ ತಲೆಯಿಂದ ತೆಗೆದುಹಾಕು. ದಿನವಿಡೀ ದುಡಿದು ದಣಿದವರನ್ನು ನಡುರಾತ್ರಿಯವರೆಗೂ ಎಚ್ಚರವಾಗಿಡುವ ಪುಸ್ತಕ ಬರೆಯುವುದು ಕಷ್ಟದ ಕೆಲಸ, ಗೌರವದ ಕೆಲಸ. ಅದನ್ನು ಕೀಳಾಗಿ ಕಾಣುವವರ ಒಪ್ಪಿಗೆಗೆ ಕಾಯುತ್ತ ಕೂತರೆ ಒಂದು ಅಧ್ಯಾಯವೂ ಮುಂದೆ ಸಾಗುವುದಿಲ್ಲ.

ಮೊದಲನೆಯ ಪ್ರಶ್ನೆ ಗಟ್ಟಿಯಾದದ್ದು. ಅದಕ್ಕೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರವಿದೆ: ಬೇಡ ಅಂದಷ್ಟೂ ಆಸೆ ಹೆಚ್ಚು, ವಿರೋಧ ಬೆಳೆದಷ್ಟೂ ಪ್ರೀತಿ ಬೆಳೆಯುತ್ತದೆ. 1972ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಜೋಡಿಗಳನ್ನು ಮಾತಾಡಿಸಿ ಹೀಗೇ ಹೇಳಿದರು. ಹೆತ್ತವರ ಅಡ್ಡಿ ಹೆಚ್ಚಿದ ಕಡೆ ಪ್ರೇಮವೂ ಹೆಚ್ಚಿತ್ತು ಅಂದರು, ಅದಕ್ಕೆ ರೋಮಿಯೋ ಜೂಲಿಯೆಟ್ ಪರಿಣಾಮ ಅಂತ ಹೆಸರೂ ಬಿತ್ತು. ಆದರೆ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡಾಗ ಆ ಪರಿಣಾಮ ಕಾಣಲೇ ಇಲ್ಲ. ಮನೆಯವರೂ ಸ್ನೇಹಿತರೂ ಒಪ್ಪಿದ ಸಂಬಂಧಗಳೇ ಚೆನ್ನಾಗಿದ್ದವು. ನೀನೂ ನಾನೂ ಸುತ್ತಮುತ್ತ ಕಂಡಿರುವುದೂ ಅದನ್ನೇ ಅಲ್ಲವೇ? ವಿರೋಧ ಮನುಷ್ಯರನ್ನು ಸುಸ್ತು ಮಾಡುತ್ತದೆ. ದಿನಾ ಸುಳ್ಳು ಹೇಳಬೇಕಾದ ಪ್ರೀತಿ ಸಿಡುಕುತ್ತದೆ, ಲೆಕ್ಕ ಹಾಕುತ್ತದೆ, ಎಷ್ಟೋ ಸಲ ಸೋಲುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಿನ್ನ ಕಾದಂಬರಿಯ ಮೊದಲ ಅರ್ಧ ಆ ಸಿದ್ಧ ಉತ್ತರದ ಮೇಲೇ ನಿಂತಿದೆ. ನಾಯಕಿಯ ಅಪ್ಪ ಗದರುತ್ತಾನೆ, ಅವಳ ಪ್ರೀತಿ ಒಂದು ಹಿಡಿ ಜಾಸ್ತಿಯಾಗುತ್ತದೆ. ಅಪ್ಪ ಬಾಗಿಲಿಗೆ ಚಿಲಕ ಹಾಕುತ್ತಾನೆ, ಇನ್ನೊಂದು ಹಿಡಿ ಜಾಸ್ತಿ. ಓದುತ್ತಿದ್ದ ನನಗೆ ಅಪ್ಪನ ಬಗ್ಗೆಯಾಗಲಿ ಅವಳ ಬಗ್ಗೆಯಾಗಲಿ ಏನೂ ಹೊಸದು ತಿಳಿಯಲಿಲ್ಲ.

ಹಾಗಾದರೆ ಓದುಗರನ್ನು ಹಿಡಿದು ಕೂರಿಸುವುದು ಯಾವುದು? ಗುಟ್ಟು ಅನ್ನುತ್ತೇನೆ ನಾನು. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಪರಿಚಯವಿಲ್ಲದ ಗಂಡು ಹೆಣ್ಣುಗಳನ್ನು ಜೋಡಿ ಮಾಡಿ, ಎರಡೆರಡು ಜೋಡಿಗಳನ್ನು ಒಂದೊಂದು ಮೇಜಿನ ಸುತ್ತ ಇಸ್ಪೀಟು ಆಡಲು ಕೂರಿಸಿದರು. ಒಂದು ಜೋಡಿಗೆ ಮಾತ್ರ, ಆಟದುದ್ದಕ್ಕೂ ಮೇಜಿನ ಕೆಳಗೆ ಇಬ್ಬರ ಪಾದಗಳು ತಾಗಿರಲಿ ಎಂಬ ಸೂಚನೆ. ಕೆಲವು ಮೇಜುಗಳಲ್ಲಿ ಇದು ಎದುರಿನ ಜೋಡಿಗೂ ಗೊತ್ತಿತ್ತು, ಕೆಲವು ಕಡೆ ಗೊತ್ತಿರಲಿಲ್ಲ. ಗುಟ್ಟಾಗಿ ಪಾದ ತಾಗಿಸಿಕೊಂಡು ಕೂತವರಲ್ಲೇ ಪರಸ್ಪರ ಸೆಳೆತ ಹೆಚ್ಚಾಗಿ ಕಂಡಿತು. ಅವರಿಗೆ ಯಾರೂ ಬೇಡ ಅಂದಿರಲಿಲ್ಲ, ಯಾರ ವಿರೋಧವೂ ಇರಲಿಲ್ಲ ಅನ್ನುವುದನ್ನು ಗಮನಿಸು. ಮುಖದಲ್ಲಿ ಏನೂ ತೋರಿಸದೆ ಎಲೆ ಎಸೆಯುತ್ತ, ಮನಸ್ಸೆಲ್ಲ ಮೇಜಿನ ಕೆಳಗೇ ಇಟ್ಟುಕೊಂಡು ಕೂರಬೇಕಾಗಿತ್ತು, ಅಷ್ಟೇ.

ನಮ್ಮ ಕಾದಂಬರಿಗಳ ಓದುಗರು ಕೂರುವುದೂ ಆ ಮೇಜಿಗೇ. ಪ್ರೇಮಿಗಳಿಬ್ಬರ ಗುಟ್ಟು ಗೊತ್ತಿರುವ ಮೂರನೆಯ ಜೀವ ಓದುಗರೊಬ್ಬರೇ. ಊಟಕ್ಕೆ ಕೂತ ಮನೆಮಂದಿಯ ನಡುವೆ ನಾಯಕಿಯ ಕಣ್ಣು ಒಂದು ಕ್ಷಣ ಎತ್ತ ಸರಿಯಿತು ಅನ್ನುವುದು ಅವರಿಗೆ ಮಾತ್ರ ಕಾಣುತ್ತದೆ. ಅವರೂ ಆ ಗುಟ್ಟಿನಲ್ಲಿ ಪಾಲುದಾರರು. ಅದಕ್ಕೇ ಅಂಥ ಪುಟಗಳನ್ನು ಓದುವಾಗ ಯಾರಾದರೂ ಕೋಣೆಗೆ ಬಂದರೆ ತಾವೇ ಸಿಕ್ಕಿಬಿದ್ದ ಹಾಗೆ ಪುಸ್ತಕ ಮಗುಚಿ ಇಡುತ್ತಾರೆ. ಈ ಪಾಲುದಾರಿಕೆ ಒಮ್ಮೆ ಕುದುರಿತೋ, ದೊಡ್ಡ ದೊಡ್ಡ ಘಟನೆಗಳ ಹಂಗಿಲ್ಲದೆ ಕಥೆ ನಡೆಯುತ್ತದೆ.

ಸಸ್ಪೆನ್ಸ್ ಹುಟ್ಟುವುದೂ ಇದೇ ಜಾಗದಲ್ಲಿ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ ಬಾಂಬಿನ ಮಾತು ನೀನು ಕೇಳಿರಬಹುದು: ಮೇಜಿನ ಕೆಳಗಿನ ಬಾಂಬ್ ಇದ್ದಕ್ಕಿದ್ದಂತೆ ಸಿಡಿದರೆ ನೋಡುವವರಿಗೆ 15 ಸೆಕೆಂಡಿನ ಅಚ್ಚರಿ. ಅದು ಅಲ್ಲಿದೆ ಅಂತ ಮೊದಲೇ ತೋರಿಸಿ, ಕೂತವರು ಏನೂ ಅರಿಯದೆ ಹರಟುತ್ತಿರುವುದನ್ನು ತೋರಿಸಿದರೆ 15 ನಿಮಿಷದ ತಳಮಳ. ನಿಷಿದ್ಧ ಪ್ರೇಮದ ಕಥೆಗಳಲ್ಲಿ ಈ ಉಪಾಯ ಸಿನಿಮಾಕ್ಕಿಂತ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕವಿ ಓವಿಡ್ ಹೇಳಿದ ಪಿರಾಮಸ್ ಮತ್ತು ಥಿಸ್ಬೆಯರ ಕಥೆ ತೆಗೆದುಕೊ. ಅಕ್ಕಪಕ್ಕದ ಮನೆ, ಇಬ್ಬರ ಅಪ್ಪಂದಿರೂ ಬೇಡ ಅಂದಿದ್ದಾರೆ, ನಡುವಿನ ಗೋಡೆಯಲ್ಲಿ ಬೇರೆ ಯಾರ ಕಣ್ಣಿಗೂ ಬೀಳದ ಒಂದು ಬಿರುಕು. ರಾತ್ರಿ ಊರಾಚೆ ಸೇರುವ ಮಾತಾಗುತ್ತದೆ. ಮೊದಲು ಬಂದ ಥಿಸ್ಬೆ ಸಿಂಹಿಣಿಯನ್ನು ಕಂಡು ಓಡುವಾಗ ಅವಳ ಮುಸುಕು ಜಾರಿ ಬೀಳುತ್ತದೆ, ಬೇಟೆ ತಿಂದ ಬಾಯಿಂದ ಸಿಂಹಿಣಿ ಅದನ್ನು ಹರಿದು ರಕ್ತ ಮಾಡುತ್ತದೆ. ಆಮೇಲೆ ಪಿರಾಮಸ್ ಬರುತ್ತಾನೆ. ಅವಳು ಗುಹೆಯಲ್ಲಿ ಬದುಕಿದ್ದಾಳೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನು ಕತ್ತಿ ಹಿರಿಯುವಾಗ ಪ್ರತಿ ಓದುಗರೂ ಒಳಗೇ ಕೂಗಿಕೊಳ್ಳುತ್ತಾರೆ. ಓವಿಡ್ ಅವಳು ಸತ್ತಳೋ ಉಳಿದಳೋ ಅನ್ನುವುದನ್ನು ನಮ್ಮಿಂದ ಬಚ್ಚಿಟ್ಟಿದ್ದರೆ ಕೊನೆಗೆ ಒಂದು ಚಮತ್ಕಾರ ಸಿಗುತ್ತಿತ್ತು, ಈ ಸಂಕಟ ಸಿಗುತ್ತಿರಲಿಲ್ಲ.

ಈಗ ನಿನ್ನ ನಾಲ್ಕನೇ ಅಧ್ಯಾಯಕ್ಕೆ ಬರೋಣ. ಇಡೀ ಹಸ್ತಪ್ರತಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು. ಲೆಕ್ಕಪತ್ರದ ವಂಚನೆಯ ಆರೋಪ ಹೊತ್ತವನ ಮಗಳು ಅವಳು, ತನಿಖಾಧಿಕಾರಿ ಅವನು. ಯಾರ ಮಗಳೆಂದು ತಿಳಿಯುವ ಮೊದಲೇ ಪ್ರೀತಿ ಶುರುವಾಗಿದೆ. ಅವನು ಮನೆ ಶೋಧಕ್ಕೆ ಬರುತ್ತಾನೆ, ಅವಳು ಕೀಲಿಗೊಂಚಲು ಕೊಡುತ್ತಾಳೆ, ಇಬ್ಬರೂ ಅಪರಿಚಿತರ ಹಾಗೆ ಮಾತಾಡುತ್ತಾರೆ. ಅವಳ ಮೇಜಿನ ಖಾನೆಯಲ್ಲಿ ದಿನಚರಿ ಸಿಗುತ್ತದೆ. ತೆರೆದರೆ ಅವನದೇ ಹೆಸರು. ಹೊರಗೆ ಸಹಾಯಕ ಮಹಜರು ಬರೆಯುತ್ತ "ಇನ್ನೇನಾದ್ರೂ ಇದೆಯಾ ಸಾರ್?" ಅನ್ನುತ್ತಾನೆ. "ಇಲ್ಲ, ಇಷ್ಟೇ" ಅನ್ನುತ್ತಾನೆ ಇವನು. ಎರಡು ಪದಗಳಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯ ದಾಟಬಾರದ ಗೆರೆ ದಾಟಿದ. ಆ ಸಾಲು ಓದಿ ನಾನು ಪುಸ್ತಕ ಕೆಳಗಿಟ್ಟು ಎದ್ದು ಓಡಾಡಿದೆ, ತಂಗಿ. ಅಷ್ಟು ಚೆನ್ನಾಗಿದೆ.

ಆದರೆ ಅಲ್ಲಿಂದ ಮುಂದೆ ನೀನು ಆ ದಿನಚರಿಯನ್ನು ಮರೆತೇಬಿಟ್ಟಿದ್ದೀಯ. ಏಳನೇ ಅಧ್ಯಾಯದಲ್ಲಿ ಎಲ್ಲಿಂದಲೋ ರೌಡಿಗಳು ಬರುತ್ತಾರೆ, ಕಾರುಗಳು ಅಟ್ಟಿಸಿಕೊಂಡು ಹೋಗುತ್ತವೆ, ಗುಂಡು ಹಾರುತ್ತದೆ. ಸಸ್ಪೆನ್ಸ್ ಬೇಕೆಂದು ಹೊರಗಿನಿಂದ ಅಪಾಯ ತಂದು ಸುರಿದಿದ್ದೀಯ. ನಾನು ಹೇಳುವುದಿಷ್ಟು: ಆ ಅಟ್ಟಾಟವನ್ನು ಪೂರ್ತಿ ತೆಗೆ. ದಿನಚರಿಯ ಕೊನೆಯ ನಾಲ್ಕು ಪುಟದಲ್ಲಿ ಅಪ್ಪನ ಕೈಬರಹದ ಅಂಕಿಗಳಿರಲಿ. ಯಾವಾಗಲೋ ಕೈಗೆ ಸಿಕ್ಕ ಪುಸ್ತಕವೆಂದು ಗೀಚಿಕೊಂಡ ಲೆಕ್ಕ. ಅದು ಅಪ್ಪನನ್ನು ಜೈಲಿಗೂ ಕಳಿಸಬಹುದು, ಅವನ ತಪ್ಪಿಲ್ಲವೆಂದೂ ತೋರಿಸಬಹುದು. ಅಧಿಕಾರಿ ಅದನ್ನು ಮನೆಗೆ ಒಯ್ದ ರಾತ್ರಿ ನೋಡುತ್ತಾನೆ. ಈಗ ಹೇಳು, ಅವನೇನು ಮಾಡಬೇಕು? ಒಪ್ಪಿಸಿದರೆ ಅವರ ಸಂಬಂಧ ಬಯಲಾಗುತ್ತದೆ, ಅವನು ಮುಟ್ಟಿದ ಒಂದೊಂದು ಸಾಕ್ಷ್ಯವನ್ನೂ ನ್ಯಾಯಾಲಯ ಅನುಮಾನಿಸುತ್ತದೆ. ಮುಚ್ಚಿಟ್ಟರೆ ಅವನೂ ಅಪರಾಧಿ. ಅವಳಿಗೆ ಹೇಳಿದರೆ ಅಪ್ಪನೋ ಅವನೋ ಅನ್ನುವ ಆಯ್ಕೆಯನ್ನು ಅವಳ ತಲೆಗೆ ಕಟ್ಟಿದಂತೆ. ಆಮೇಲೆ ಅವರಿಬ್ಬರು ಎಲ್ಲೇ ಭೇಟಿಯಾಗಲಿ, ಏನೇ ಮಾತಾಡಲಿ, ಆ ನಾಲ್ಕು ಪುಟ ಓದುಗರ ಎದೆಯ ಮೇಲೆ ಕೂತಿರುತ್ತದೆ. ಪ್ರೀತಿಯೂ ಅಪಾಯವೂ ಒಂದೇ ಗಂಟಿನಲ್ಲಿ ಸೇರಬೇಕು. ಒಂದನ್ನು ಎಳೆದರೆ ಇನ್ನೊಂದು ಬಿಗಿಯಬೇಕು. ಪ್ರೇಮದ ಅಧ್ಯಾಯ ಒಂದು, ರೋಚಕ ಅಧ್ಯಾಯ ಒಂದು ಅಂತ ಸರದಿ ಹಾಕಿ ಬರೆದ ಕಾದಂಬರಿಗಳನ್ನು ಓದುಗರು ಅರ್ಧಕ್ಕೇ ಬಿಡುತ್ತಾರೆ.

ಅಪ್ಪನ ವಿಷಯ ಬಾಕಿ ಇದೆ. ಈ ಕಾಗದದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಅದೇ. ಬೇಡ ಅನ್ನುವವನಿಗೆ ಮುಖ ಕೊಡು. ಬರೀ ಗದರುವ ಬಾಯಿಯನ್ನು ಓದುಗರು ದ್ವೇಷಿಸಿ ಮುಗಿಸುತ್ತಾರೆ. ಆಮೇಲೆ ಪ್ರಶ್ನೆಯೇ ಉಳಿಯುವುದಿಲ್ಲ, ಹುಡುಗಿ ಯಾವಾಗ ಓಡಿಹೋಗುತ್ತಾಳೆ ಅಂತ ಕಾಯುವುದೊಂದೇ ಕೆಲಸ. ಮಗಳ ಹೆಜ್ಜೆ ಸದ್ದಿನಲ್ಲೇ ಅವಳ ಮನಸ್ಸು ಗುರುತಿಸುವ ಅಪ್ಪನನ್ನು ಬರೆ. ತನ್ನನ್ನು ಬಂಧಿಸಲು ಬಂದವನನ್ನು ಮಗಳು ನೋಡಿದ ರೀತಿ ಅವನ ಕಣ್ಣಿಗೆ ಬೀಳಲಿ, ಅವನು ಏನೂ ಕೇಳದೇ ಇರಲಿ. ಆಗ ಅವನ ಮೌನ ಯಾವ ಚಿಲಕಕ್ಕಿಂತಲೂ ಗಟ್ಟಿ. ಅವಳು ಎರಡು ಪ್ರೀತಿಗಳ ನಡುವೆ ಸಿಕ್ಕಿಕೊಂಡಿದ್ದಾಳೆ ಅಂತ ಓದುಗರಿಗೆ ಅನ್ನಿಸಿದಾಗಲೇ ಈ ಬಗೆಯ ಕಥೆ ತನ್ನ ಪೂರ್ತಿ ಶಕ್ತಿಗೆ ಬರುವುದು.

ಆ ನಿಷೇಧ ನಿಜವಾದದ್ದೂ ಆಗಿರಬೇಕು, ಒಂದು ಪ್ರಾಮಾಣಿಕ ಮಾತಿನಿಂದ ಕರಗುವಂಥದ್ದಲ್ಲ. 1847ರ ಇಂಗ್ಲಿಷ್ ಕಾದಂಬರಿ ‘ಜೇನ್ ಐರ್’ ನೆನಪಿಸಿಕೊ. ನಾಯಕಿ ಜೇನ್ ಮದುವೆಯ ದಿನವೇ, ವರನ ಹುಚ್ಚು ಹಿಡಿದ ಹೆಂಡತಿ ಮೇಲಂತಸ್ತಿನಲ್ಲಿ ಬದುಕಿದ್ದಾಳೆಂದು ತಿಳಿಯುತ್ತದೆ. ಆಗಿನ ಇಂಗ್ಲೆಂಡಿನಲ್ಲಿ ವಿಚ್ಛೇದನಕ್ಕೆ ಸಾಮಾನ್ಯ ನ್ಯಾಯಾಲಯವೇ ಇರಲಿಲ್ಲ, ಅದು ಬಂದದ್ದು 1857ರ ಕಾಯ್ದೆಯ ನಂತರ. ಹುಚ್ಚು ಅಲ್ಲಿ ವಿಚ್ಛೇದನಕ್ಕೆ ಕಾರಣವೆಂದು ಮಾನ್ಯವಾಗಲು 1937 ಬರಬೇಕಾಯಿತು. ಅಂದರೆ ದಾರಿ ನಿಜಕ್ಕೂ ಮುಚ್ಚಿತ್ತು. ಆದರೂ ಜೇನ್ ಹೊರಟುಹೋಗುವುದು ಯಾರೋ ಅಟ್ಟಿದ್ದರಿಂದಲ್ಲ. ನನ್ನವರೆಂದು ಯಾರೂ ಇಲ್ಲದಿದ್ದರೂ ನನ್ನ ಮೇಲೆ ನನಗೆ ಮರ್ಯಾದೆ ಇದೆ ಅನ್ನುವ ನಿಶ್ಚಯದಿಂದ. ಹೊರಗಿನ ಕಾನೂನು ಅವಳ ಒಳಗಿನ ಮಾತಾಗಿ ತಿರುಗುವ ಆ ಪುಟಗಳು ನೂರೆಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿವೆ. ನಿನ್ನ ನಾಯಕಿಯ ಒಳಗೂ ಒಂದು ‘ಬೇಡ’ ಇರಬೇಕು. ಸದ್ಯಕ್ಕೆ ಇಲ್ಲ.

ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕಾದ ಒಂದು ಮಾತಿದೆ. ಒಂಬತ್ತನೇ ಅಧ್ಯಾಯದಲ್ಲಿ ಅವಳು "ಇನ್ನು ನನ್ನ ಹಿಂದೆ ಬರಬೇಡಿ" ಅಂದಮೇಲೂ ಅವನು ಮೂರು ದಿನ ಅವಳ ಬೀದಿಯಲ್ಲಿ ಕಾಯುತ್ತಾನೆ, ಅದನ್ನು ನೀನು ಪ್ರೀತಿಯ ಆಳವೆಂದು ಬರೆದಿದ್ದೀಯ. ಅದು ಪ್ರೀತಿಯಲ್ಲ. ಅವನ ಕೈಯಲ್ಲಿ ಅಧಿಕಾರವಿದೆ, ಅವಳ ಅಪ್ಪನ ಹಣೆಬರಹವಿದೆ. ಹಾಗಿರುವಾಗ ಅವಳು ಬೇಡ ಅಂದದ್ದನ್ನು ಅವನು ಬೇರೆಲ್ಲರಿಗಿಂತ ಹೆಚ್ಚು ಗೌರವಿಸಬೇಕು. ಸಮಾಜದ ಎಲ್ಲ ಕಟ್ಟಳೆಗಳೂ ಮುರಿಯಲಿಕ್ಕೇ ಇಲ್ಲ. ದುರ್ಬಲರನ್ನು ಬಲಶಾಲಿಗಳಿಂದ ಕಾಯಲು ಇರುವ ಕಟ್ಟಳೆಗಳನ್ನು ಮುರಿಯುವವನನ್ನು ನಾಯಕನನ್ನಾಗಿ ಮಾಡಬೇಡ. ಮಾಡಲೇಬೇಕಾದರೆ ಅವನ ತಪ್ಪನ್ನು ತಪ್ಪೆಂದೇ ತೋರಿಸುವ ಧೈರ್ಯವಿರಲಿ. ಮೂರು ದಿನ ಕಾಯುವ ಬದಲು ಅವನು ದೂರ ಉಳಿದರೆ ಕಥೆಯ ಬಿಗಿ ಇನ್ನೂ ಹೆಚ್ಚುತ್ತದೆ. ದಿನಚರಿ ಅವನ ಬಳಿ ಇದೆ, ಅವನು ಬರುತ್ತಿಲ್ಲ. ಯಾಕೆ? ಅವಳು ಅದನ್ನೇ ಯೋಚಿಸುತ್ತ ನಿದ್ದೆಗೆಡಲಿ, ಜೊತೆಗೆ ಓದುಗರೂ.

ಮುಟ್ಟುವ ದೃಶ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೀಲಿಗೊಂಚಲು ಕೈ ಬದಲಾಯಿಸುವ ಸಾಲುಗಳಲ್ಲಿ ಇರುವ ಬಿಸಿ ನಿನ್ನ ಹನ್ನೊಂದನೇ ಅಧ್ಯಾಯದ ಆರು ಪುಟದಲ್ಲಿ ಇಲ್ಲ ಅಂದರೆ ನಿನಗೇ ಅರ್ಥವಾಗುತ್ತದೆ.

ಕೊನೆ ಹೇಗಿರಬೇಕು ಅಂತಲೂ ಕೇಳಿದ್ದೀಯ. ಇಂಥ ಪ್ರೇಮಿಗಳನ್ನು ಕೊಂದೋ, ಅಗಲಿಸಿಯೋ, ಪಶ್ಚಾತ್ತಾಪ ಪಡಿಸಿಯೋ ಮುಗಿಸುವುದು ಬಹಳ ಕಾಲದ ರೂಢಿ. ಓದುಗರು ರೋಮಾಂಚನವನ್ನೂ ಅನುಭವಿಸಬೇಕು, ಸಮಾಜದ ಲೆಕ್ಕವೂ ಚುಕ್ತಾ ಆಗಬೇಕು ಅನ್ನುವ ಏರ್ಪಾಡು ಅದು. ಸಸ್ಪೆನ್ಸ್ ಬರವಣಿಗೆಯಲ್ಲಿ ಎತ್ತಿದ ಕೈ ಎನಿಸಿದ ಪೆಟ್ರೀಷಿಯಾ ಹೈಸ್ಮಿತ್ 1952ರಲ್ಲಿ ಇಬ್ಬರು ಹೆಂಗಸರ ಪ್ರೇಮದ ಕಾದಂಬರಿ ಬರೆದಾಗ ತಮ್ಮ ಹೆಸರು ಹಾಕಲಿಲ್ಲ, ಬೇರೆ ಹೆಸರಿನಲ್ಲಿ ಪ್ರಕಟಿಸಿದರು. ಆದರೆ ಆ ಇಬ್ಬರಿಗೂ ಶಿಕ್ಷೆ ಕೊಡಲಿಲ್ಲ, ಒಟ್ಟಿಗೆ ಬಾಳುವ ಆಸೆ ಉಳಿಸಿದರು. ತಮ್ಮಂಥವರ ಕಥೆ ಹೀಗೂ ಮುಗಿಯಬಹುದೆಂದು ಮೊದಲ ಸಲ ಓದಿದವರಿಂದ ಅವರಿಗೆ ರಾಶಿ ರಾಶಿ ಕಾಗದಗಳು ಬಂದವು. ಹಾಗೆಂದು ಸುಖಾಂತವೇ ಬೇಕೆಂದು ನಾನು ಹೇಳುತ್ತಿಲ್ಲ. ನಿನ್ನ ಈಗಿನ ಕೊನೆಯಲ್ಲಿ ಅಪ್ಪನಿಗೆ ಹೃದಯಾಘಾತವಾಗಿ ಎಲ್ಲರ ದಾರಿ ಸುಗಮವಾಗುತ್ತದೆ. ಯಾರೂ ಏನನ್ನೂ ಆರಿಸಬೇಕಾಗಿಲ್ಲ, ಯಾರೂ ಬೆಲೆ ತೆರಬೇಕಾಗಿಲ್ಲ. ಅಪ್ಪ ಬದುಕಿರಲಿ. ದಿನಚರಿಯನ್ನು ಯಾರಾದರೂ ಒಬ್ಬರು, ತಿಳಿದೂ ತಿಳಿದೂ, ಮೇಜಿನ ಮೇಲೆ ತಂದಿಡಲಿ. ಅದು ಯಾರು ಅನ್ನುವುದನ್ನು ನೀನೇ ಕಂಡುಕೊ. ನನ್ನ ಊಹೆ ನನಗಿದೆ, ಆದರೆ ಹೇಳಿ ನಿನ್ನ ದಾರಿ ತಪ್ಪಿಸುವುದಿಲ್ಲ.

ಮೊದಲು ಏಳನೇ ಅಧ್ಯಾಯ ಬರೆ, ಆಮೇಲೆ ಅಪ್ಪನ ಭಾಗಗಳು. ಎರಡೂ ಆದ ಕೂಡಲೇ ಕಳಿಸು, ಇಡೀ ಕಾದಂಬರಿ ತಿದ್ದಿ ಮುಗಿಯಲಿ ಅಂತ ಕಾಯಬೇಡ. ನಾಲ್ಕನೇ ಅಧ್ಯಾಯದ ಒಂದು ಅಕ್ಷರವನ್ನೂ ಮುಟ್ಟಬೇಡ.

ಪ್ರೀತಿಯಿಂದ,
ನಿನ್ನ ಅಕ್ಕ