ಕೈ ನಡುಗಿದರೆ ನಡುಗಲಿ ಬಿಡು

ಮಗಾ,

ನಿನ್ನ ಕಾಗದ ಮೂರು ಸಲ ಓದಿದೆ. ಠಾಣೆ, ಪಾಳಿ, ರಜೆ ಸಿಗದ ಗೋಳು ನನಗೆ ಹೊಸದಲ್ಲ. ಆದರೆ ಕೊನೆಯಲ್ಲಿ ಸುಮ್ನೆ ಅನ್ನೋ ಹಾಗೆ ಒಂದು ಸಾಲು ಬರೆದಿದ್ದೀಯಲ್ಲ, 'ಈಗೀಗ ಒಂದು ಸೇದದಿದ್ದರೆ ಕೈ ನಡುಗುತ್ತೆ ದೊಡ್ಡಪ್ಪ' ಅಂತ. ಅದು ರಾತ್ರಿ ನಿದ್ದೆ ಕೆಡಿಸಿತು.

ಮೊದಲ ಸಲ ಹೆಣ ನೋಡಿದಾಗ ಹಿರಿಯರು ಹಚ್ಚಿ ಕೊಟ್ಟರು, ನಡುಕ ನಿಂತಿತು ಅಂದಿದ್ದೀಯ. ನಂಬುತ್ತೇನೆ. ನನ್ನದು ನಾಲ್ಕು ದಿನ ಬಾವಿಯಲ್ಲಿದ್ದ ದೇಹ. ಮಹಜರು ಬರೆಯಲು ಕೂತವನಿಗೆ ವಾಸನೆ ಬಡಿಯದಿರಲಿ ಅಂತ ಒಬ್ಬರು ಸಿಗರೇಟು ಬಾಯಿಗಿಟ್ಟರು. ವಾಸನೆ ಹೋಯಿತು, ಸಿಗರೇಟು 26 ವರ್ಷ ಉಳಿಯಿತು.

ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಹಾಯೆನಿಸುತ್ತದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ, ಚಡಪಡಿಕೆ ಶುರು. ಇನ್ನೊಂದು ಹಚ್ಚಿದಾಗ ಹೋಗುವುದು ಆ ಚಡಪಡಿಕೆ. ನಾವು ಭಯ ಹೋಯಿತು ಅಂದುಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ನಿಕೋಟಿನ್ನೇ ಕೈ ನಡುಕ ಜಾಸ್ತಿ ಮಾಡುತ್ತದೆ. ಫೈರಿಂಗ್ ಪ್ರಾಕ್ಟೀಸಿಗೆ ಹೋಗುವ ಮೊದಲು ಧೈರ್ಯಕ್ಕೆ ಅಂತ ಎರಡು ಸೇದುತ್ತಿದ್ದೆ. ಬಂದೂಕಿನ ತುದಿ ಗುರಿಯ ಮೇಲೆ ಕುಣಿಯುತ್ತಿತ್ತು. ಬಂದೂಕನ್ನೇ ಬೈಯುತ್ತಿದ್ದೆ!

ಬರೀ ನಡುಕದ ಮಾತಲ್ಲ ಅಂತಲೂ ಗೊತ್ತು. ಠಾಣೆಯ ಹಿಂದೆ ಹೊಗೆ ಬಿಡುತ್ತಾ ನಿಂತಾಗಲೇ ಹಿರಿಯರು ಮನಸ್ಸು ಬಿಚ್ಚುವುದು. ಸೇದದವನು ಒಳಗೆ ಫೈಲು ನೋಡುತ್ತಾ ಕೂರಬೇಕು. ಅಲ್ಲೇ ಹೋಗಿ ನಿಲ್ಲು, ಕೈಯಲ್ಲಿ ಸಿಗರೇಟು ಇಲ್ಲದಿದ್ದರೂ ಮಾತು ಕೇಳಿಸುತ್ತದೆ. ಆದರೆ ಅವರ ಹೊಗೆ ನೀನೂ ಕುಡಿಯಬೇಕಾಗುತ್ತದೆ... ನೋಡು, ನನ್ನ ಬುದ್ಧಿವಾದ ಇಷ್ಟೇ ಚೆಂದ.

ದಿನಕ್ಕೆ ಒಂದೇ ಅಂತ ಲೆಕ್ಕ ಹಾಕಬೇಡ. 20 ಸೇದುವವರಿಗೆ ಹೃದಯಕ್ಕೆ ಹೆಚ್ಚುವ ಅಪಾಯದಲ್ಲಿ ಸುಮಾರು ಅರ್ಧದಷ್ಟು ಆ ಒಂದರಲ್ಲೇ ಇದೆ. ಬಿಟ್ಟ ಮೊದಲ ಎರಡು ಮೂರು ದಿನವೇ ಕಷ್ಟ. ಆಸೆ ಬಂದಾಗ ಕೆಲವು ನಿಮಿಷ ತಡೆದರೆ ತಗ್ಗುತ್ತದೆ. ಡಾಕ್ಟರನ್ನು ಕೇಳಿ ನಿಕೋಟಿನ್ ಗಮ್ ತಗೋಬಹುದು. ಒಂದೇ ಸಮನೆ ಜಗಿಯಬಾರದು, ಸ್ವಲ್ಪ ಜಗಿದು ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳಬೇಕು. 26 ವರ್ಷ ಸೇದಿದವನು ಇದನ್ನೆಲ್ಲ ಹೇಳುವುದು ನಿನಗೆ ನಗು ತರಿಸಬಹುದು.

ಮತ್ತೆ ಆ ಕೈಗೇ ಬರುತ್ತೇನೆ. ಒಂದು ಅಪಘಾತದಲ್ಲಿ ಸಣ್ಣ ಮಗು ಹೋಗಿತ್ತು. ಹೊಸ ಹುಡುಗನೊಬ್ಬ ನನ್ನ ಜೊತೆಗಿದ್ದ. ಅಳತೆಯ ಟೇಪು ಹಿಡಿದ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಅಂಕಿ ಓದಲು ಆಗುತ್ತಿರಲಿಲ್ಲ. ನನಗೆ ಒಂದು ಮಾತು ತೋಚಲಿಲ್ಲ. ಜೀಪಿನ ಹಿಂದೆ ಕರೆದುಕೊಂಡು ಹೋಗಿ ಹಚ್ಚಿ ಕೊಟ್ಟೆ. ಸುಮ್ನೆ ಹೆಗಲ ಮೇಲೆ ಕೈಯಿಟ್ಟು ನಿಲ್ಲಬಹುದಿತ್ತು, ಅಲ್ವಾ? ಮೊನ್ನೆ ಸಿಕ್ಕಿದ್ದ. ಆರು ಮೆಟ್ಟಿಲು ಹತ್ತಲು ಎರಡು ಸಲ ನಿಂತ. ಏದುಸಿರಲ್ಲೇ, 'ಅವತ್ತು ನೀವು ಕೈ ಹಿಡಿದ್ರಿ ಸಾರ್' ಅಂದ. ತಲೆ ಎತ್ತಲಾಗಲಿಲ್ಲ.

ಇನ್ನೊಮ್ಮೆ ನಡುಗಿದರೆ ಫೋನ್ ಮಾಡು. ರಾತ್ರಿ ಎಷ್ಟೊತ್ತಾದರೂ ಸರಿ. ನೈಟ್ ಡ್ಯೂಟಿ ಮಾಡಿ ಮಾಡಿ ನನಗೆ ಎರಡು ಗಂಟೆಗೆ ಈಗಲೂ ಎಚ್ಚರವಾಗುತ್ತದೆ.

ನಿನ್ನ ದೊಡ್ಡಪ್ಪ