ಪುಟ್ಟಿಗೆ, ಆ ಜಾಹೀರಾತಿನ ವಿಷಯ

ಪುಟ್ಟಿ,

ಬೆಳಿಗ್ಗೆ ನೀನು ಊಟದ ಡಬ್ಬಿ ಬಿಟ್ಟು ಹೋದೆ. ನಾನಾಡಿದ ಮಾತಿಗೆ ಅದು ಸರಿಯೇ. ‘ನಿನ್ನ ಆಟಕ್ಕೆ ಯಾರು ದುಡ್ಡು ಕೊಡ್ತಾರೆ?’ ಅನ್ನಬಾರದಿತ್ತು. ಜಾಹೀರಾತಿನಲ್ಲಿ ಆಡಿದರೆ ಕೊಡುತ್ತೇವೆ ಅಂತ ಅಂಗಡಿಯವರು ನಿಜವಾಗಿಯೂ ಬಂದರಲ್ಲ, ಅದಕ್ಕೇ ಹೆದರಿ ಹಾಗಂದೆ. ಎದುರು ಕೂತರೆ ಮತ್ತೆ ಜಗಳ, ಹಾಗಾಗಿ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಅಪ್ಪನ ಹತ್ತಿರ ಓದಿಸಿಕೋ.

ನೀನು ಫೋನಿನಲ್ಲಿ ತೋರಿಸಿದ್ದು ನಿಜ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಆಟಗಾರರು ಜಾಹೀರಾತಿನಿಂದ ದುಡಿಯಬಹುದು. ಸ್ಕೂಲಿನ ಹೆಸರು, ಲೋಗೋ, ಜೆರ್ಸಿ ಬಳಸಬಾರದು, ಅಷ್ಟೇ. ಇಲ್ಲಿನ ಸ್ಕೂಲ್ ಆಟಗಳನ್ನು ನಡೆಸುವ ಸಿಐಎಫ್‌ನವರ ತಕರಾರಿಲ್ಲ. ತಕರಾರಿರುವುದು ನಿನ್ನ ಪಾಸ್‌ಪೋರ್ಟಿನಲ್ಲಿ. ನಿನ್ನದು ಎಚ್-4, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ. ಅದರಲ್ಲಿರುವ ಮಕ್ಕಳು ಒಂದು ಡಾಲರೂ ದುಡಿಯುವಂತಿಲ್ಲ. ಅಂಗಡಿಯವರ ಟೀ ಶರ್ಟ್ ಹಾಕಿ ಸ್ಮ್ಯಾಷ್ ಹೊಡೆಯೋ ವಿಡಿಯೋಗೆ 300 ಡಾಲರ್ ತಗೊಂಡರೆ ಅದೂ ಕೆಲಸವೇ. ನಿನ್ನ ಡಬಲ್ಸ್ ಜೋಡಿ ಇಲ್ಲೇ ಹುಟ್ಟಿದವಳು, ಅವಳಿಗೆ ಈ ತೊಡಕಿಲ್ಲ. ನೀನು ಹುಟ್ಟಿದ್ದು ಮೈಸೂರಿನಲ್ಲಿ.

ಅಮೆರಿಕನ್ ಫುಟ್‌ಬಾಲ್ ಆಡುವ ಕ್ವಿನ್ ಯೂವರ್ಸ್ ಕಥೆ ಹೇಳಿದೆಯಲ್ಲ. ಟೆಕ್ಸಾಸಿನಲ್ಲಿ ಹೈಸ್ಕೂಲ್ ಹುಡುಗರಿಗೆ ಜಾಹೀರಾತಿನ ದುಡ್ಡಿಲ್ಲ ಅಂದಿದ್ದಕ್ಕೆ 2021ರಲ್ಲಿ ಕೊನೇ ವರ್ಷವನ್ನೇ ಬಿಟ್ಟು ಓಹಾಯೋ ಸ್ಟೇಟ್ ಯೂನಿವರ್ಸಿಟಿ ಸೇರಿದ. ಅವನಿಗೆ ರಾಜ್ಯ ಬದಲಿಸಿದರೆ ಸಾಕಿತ್ತು. ನಾವು ಯಾವ ರಾಜ್ಯಕ್ಕೆ ಹೋದರೂ ಅದೇ ವೀಸಾ.

ನಿನಗೆ ಹೇಳದ ಒಂದು ವಿಷಯವಿದೆ. 2013ರ ಯುಗಾದಿ. ಪಕ್ಕದ ಅಪಾರ್ಟ್‌ಮೆಂಟಿನ ಆಂಟಿ 60 ಒಬ್ಬಟ್ಟು ಮಾಡಿಕೊಡು ಅಂದರು. ಹಿಂದಿನ ರಾತ್ರಿಯೇ ಕಣಕ ಕಲಸಿಟ್ಟೆ. ಹೂರಣ ರುಬ್ಬಿ ಮಿಕ್ಸಿ ಬಿಸಿಯಾಗಿ ಎರಡು ಸಲ ನಿಂತಿತ್ತು. ಒಂದೂ ಹರಿಯಲಿಲ್ಲ. ಆಂಟಿ ಕವರ್ ಕೊಟ್ಟು ಹೋದರು. ಒಳಗೆ ನಾಲ್ಕು 20ರ ನೋಟು. ನಾನೂ ಆಗ ಎಚ್-4. ಬರಿಗಾಲಲ್ಲೇ ಪಾರ್ಕಿಂಗ್‌ವರೆಗೆ ಓಡಿ ವಾಪಸ್ ಕೊಟ್ಟೆ. ‘ಪ್ರೀತಿಗೆ ಮಾಡಿದ್ದು’ ಅಂದೆ. ಸುಳ್ಳು. ದುಡ್ಡಿಗೇ ಮಾಡಿದ್ದು. ಈ ದೇಶದಲ್ಲಿ ನನ್ನದು ಅನ್ನೋ ಮೊದಲ ದುಡ್ಡು. ಕವರ್ ತೆರೆಯದೇ ಕೊಟ್ಟಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ. ತೆರೆದೆ, ಎಣಿಸಿದೆ, ಮತ್ತೆ ಅಂಟಿಸಿದೆ. ಅಂಟು ಸರಿಯಾಗಿ ಕೂರಲಿಲ್ಲ. ಆಂಟಿ ಅದನ್ನೇ ನೋಡಿದರು. ಆಮೇಲೆ ಯಾವತ್ತೂ ಕೇಳಲಿಲ್ಲ.

2015ರಲ್ಲಿ ನನ್ನಂಥ ಹೆಂಡತಿಯರಿಗೆ ಕೆಲಸದ ಪರವಾನಗಿ ಬಂತು. ಮಕ್ಕಳಿಗೆ ಬರಲಿಲ್ಲ. ನಿನಗೆ 21 ತುಂಬಿದರೆ ಎಚ್-4 ಕೂಡ ಇರಲ್ಲ. ಗ್ರೀನ್ ಕಾರ್ಡ್ ಸಾಲು ಅಷ್ಟರಲ್ಲಿ ಕರಗುವ ಲಕ್ಷಣವಿಲ್ಲ. ಅದಕ್ಕೇ ಓದು, ಮಾರ್ಕ್ಸ್ ಅಂತ ಬಡಿದುಕೊಳ್ಳುವುದು. ನೋಡು, ಮತ್ತೆ ಶುರು ಮಾಡಿದೆ.

ನಿನ್ನ ಸೆಮಿಫೈನಲ್ ವಿಡಿಯೋ ಅಜ್ಜಿಗೆ ಕಳಿಸಿದ್ದೆ. ಅಜ್ಜಿ ಇಡೀ ಬೀದಿಗೆ ತೋರಿಸಿದ್ದಾರೆ. ನನಗೂ ಹೆಮ್ಮೆಯೇ, ಆದರೆ ಮನೆಯಲ್ಲಿ ಹೇಳಲು ಬರಲ್ಲ.

ನಾಳೆ ಲಾಯರಿಗೂ ಒಂದು ಮಾತು ಕೇಳುತ್ತೇನೆ. ಅವರೂ ಬೇಡ ಅಂದರೆ ಅಂಗಡಿಯವರಿಗೆ ನೀನೇ ಹೇಳುತ್ತೀಯಾ, ನಾನು ಫೋನ್ ಮಾಡಲಾ? ವೀಸಾ ವಿಷಯ ಎತ್ತಬೇಡ ಅಂದರೆ ಎತ್ತಲ್ಲ. ಪರೀಕ್ಷೆ ಇದೆ ಅನ್ನುತ್ತೇನೆ.

ಅಮ್ಮ