ಅಂಚೆಯಣ್ಣನ ಮೇಲೆ ಸಿಟ್ಟು ಬೇಡ

ಗ್ರಾಮೀಣ ಅಂಚೆ ನೌಕರರು ಮುಷ್ಕರ ಹೂಡಿದಾಗಲೆಲ್ಲ ‘ನಾಲ್ಕು ತಾಸಿನ ಕೆಲಸ, ಅದಕ್ಕೂ ಮುಷ್ಕರವಾ’ ಎನ್ನುವವರೇ ಜಾಸ್ತಿ. ಇದು ಸರಿಯಲ್ಲ. ಲೆಕ್ಕದಲ್ಲಿ ನಾಲ್ಕೈದು ತಾಸು ನಿಜ. ಆದರೆ ನಮ್ಮೂರಿನ ಅಂಚೆಯಣ್ಣ ಮಳೆಗಾಲದಲ್ಲಿ ಪಿಂಚಣಿ ಹಣವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಸಂಕ ದಾಟಿ, ಗುಡ್ಡದಾಚೆಯ ಒಂಟಿ ಮನೆಯ ಅಜ್ಜಿಯ ಕೈಗೆ ಎಣಿಸಿ ಕೊಡುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತದೆ. 2018ರ ಮೇ 22ರಂದು ಶುರುವಾದ ಮುಷ್ಕರವೂ ಇವರ ಸಂಬಳ, ಸೌಲಭ್ಯ ಪರಿಶೀಲಿಸಲು ಸರ್ಕಾರವೇ ನೇಮಿಸಿದ್ದ ಕಮಲೇಶ್ ಚಂದ್ರ ಸಮಿತಿಯ ಶಿಫಾರಸು ಜಾರಿ ಮಾಡಿ ಎಂದು ಕೇಳಿದ್ದು, ಅಷ್ಟೊತ್ತಿಗೆ ವರದಿ ಬಂದು ಒಂದೂವರೆ ವರ್ಷವೇ ಆಗಿತ್ತು ಅಲ್ವಾ? ಕಾಗದ ತಡವಾದರೆ ಸಿಟ್ಟು ಬರುತ್ತದೆ, ನನಗೂ ಬಂದಿದೆ. ಅದನ್ನು ಸುಮ್ನೆ ಅವರ ಮೇಲೆ ತೀರಿಸಿಕೊಳ್ಳುವ ಬದಲು, ಇವರಿಗೆ ಪೂರ್ಣಾವಧಿ ಕೆಲಸ, ಪಿಂಚಣಿ ಕೊಡಿ ಎಂದು ನಾವು ನಮ್ಮ ಸಂಸದರಿಗೆ 50 ಪೈಸೆಯ ಒಂದು ಕಾರ್ಡ್ ಬರೆಯೋಣ.

– ಒಬ್ಬ ಓದುಗ, ತೀರ್ಥಹಳ್ಳಿ